ವೇಳಾಪಟ್ಟಿಯಲ್ಲಿ ಸಂಗೀತವಿದೆ, ಶಾಲೆಯಲ್ಲಿ ಮೇಷ್ಟ್ರಿಲ್ಲ

2025ರ ಏಪ್ರಿಲ್ 16ರಂದು ಮಹಾರಾಷ್ಟ್ರ ಸರ್ಕಾರ ಒಂದನೇ ತರಗತಿಯಿಂದಲೇ ಹಿಂದಿಯನ್ನು ಮೂರನೇ ಭಾಷೆಯಾಗಿ ಕಲಿಸಬೇಕೆಂದು ಜಿ.ಆರ್. (ಸರ್ಕಾರಿ ಆದೇಶ) ಹೊರಡಿಸಿತು. ದೊಡ್ಡ ಗದ್ದಲವಾಯಿತು. ಜೂನ್ 17ಕ್ಕೆ ತಿದ್ದುಪಡಿ ಬಂತು, ಜೂನ್ 29ಕ್ಕೆ ಎರಡೂ ಜಿ.ಆರ್.ಗಳು ವಾಪಸಾದವು, ನರೇಂದ್ರ ಜಾಧವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಇಷ್ಟೆಲ್ಲ ನಡೆಯುವಾಗ ಅದೇ ಹೊಸ ಶಿಕ್ಷಣ ನೀತಿಯ ಇನ್ನೊಂದು ಭಾಗದ ಕಡೆಗೆ ಯಾರೂ ತಲೆ ಹಾಕಲಿಲ್ಲ. ಕಲೆಯನ್ನು, ಅದರೊಳಗೆ ಸಂಗೀತವನ್ನು, ‘ಹೆಚ್ಚುವರಿ ಚಟುವಟಿಕೆ’ಯ ಪಟ್ಟಿಯಿಂದ ತೆಗೆದು ಗಣಿತ, ಭಾಷೆಗಳ ಸಾಲಿಗೆ ತರುವ ಭಾಗ ಅದು.

ಈಗ ಮುಂಬೈಯ ಕನ್ನಡ ಶಾಲೆಗಳ ಪಾಲಕರ ಸಭೆಗಳಲ್ಲಿ ಏಳುವ ಪ್ರಶ್ನೆಗಳು ಸಹಜವೇ. ಸಂಗೀತಕ್ಕೂ ಮಾರ್ಕು ಇದೆಯೇ? ಯಾವ ಭಾಷೆಯ ಹಾಡು? ಕಲಿಸುವವರು ಯಾರು? ಮೊದಲೆರಡಕ್ಕೆ ಏನಾದರೂ ಉತ್ತರ ಸಿಗುತ್ತದೆ. ತೊಡಕಿರುವುದು ಮೂರನೆಯದರಲ್ಲಿ.

ಹೊಸದೇನು, ಹಳೆಯದೇನು

ಕಲಾ ಶಿಕ್ಷಣ ಎಂಬ ಹೆಸರು ಮಹಾರಾಷ್ಟ್ರದ ವೇಳಾಪಟ್ಟಿಗೆ ಹೊಸದಲ್ಲ. ಕಾರ್ಯಾನುಭವ, ಶಾರೀರಿಕ ಶಿಕ್ಷಣಗಳ ಪಕ್ಕದಲ್ಲಿ ಅದು ಬಹುಕಾಲದಿಂದ ಕೂತಿದೆ. ಕೂತಿದೆ ಅಷ್ಟೇ, ಪರೀಕ್ಷೆ ಹತ್ತಿರ ಬಂದಾಗ ಮೊದಲು ಗಣಿತಕ್ಕೆ ಬಲಿಯಾಗುವುದು ಅದೇ ಅವಧಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆಯೇ ಬೇಡ ಎಂದಿತು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಗೆ ಪ್ರತ್ಯೇಕ ಕಲಿಕಾ ಕ್ಷೇತ್ರದ ಸ್ಥಾನ ಕೊಟ್ಟಿತು. ಅದರಂತೆ ಎನ್‌ಸಿಇಆರ್‌ಟಿ ಮೂರನೇ ತರಗತಿಗೆ ‘ಬಾಂಸುರಿ’ ಎಂಬ ಕಲಾ ಪುಸ್ತಕವನ್ನೇ ತಂದಿತು. ಚಿತ್ರಕಲೆ, ಸಂಗೀತ, ನೃತ್ಯ, ನಾಟಕ ನಾಲ್ಕೂ ಒಂದೇ ಪುಸ್ತಕದೊಳಗೆ. ಮಹಾರಾಷ್ಟ್ರ 2024ರಲ್ಲಿ ತನ್ನದೇ ರಾಜ್ಯ ಚೌಕಟ್ಟು ಸಿದ್ಧಪಡಿಸಿ, 2025–26ರಿಂದ ಒಂದನೇ ತರಗತಿಯಲ್ಲಿ ಅದನ್ನು ಶುರುಮಾಡಿದೆ. ಉಳಿದ ತರಗತಿಗಳು ಹಂತಹಂತವಾಗಿ ಸೇರಿಕೊಳ್ಳುತ್ತವೆ.

ಇಲ್ಲೊಂದು ಸಣ್ಣ ಲೆಕ್ಕ ಹಾಕಬೇಕು. ವಾರಕ್ಕೆ ಎರಡು ಕಲಾ ಅವಧಿ ಸಿಕ್ಕವೆನ್ನಿ. ನಾಲ್ಕು ಕಲೆಗಳಿಗೆ ಹಂಚಿದರೆ ಸಂಗೀತದ ಪಾಲು ಅರ್ಧ ಅವಧಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದೂ ಗಟ್ಟಿಯಲ್ಲ. ಮೂರನೇ ಭಾಷೆಯ ಗಲಾಟೆ ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳದ್ದು. ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ನಮ್ಮ ಮಕ್ಕಳು ಮೊದಲಿನಿಂದಲೂ ಹೊತ್ತಿದ್ದಾರೆ. ದಿನದ ಅವಧಿಗಳ ಸಂಖ್ಯೆ ಅಷ್ಟೇ ಇರುವಾಗ ಮೂರು ಭಾಷೆ ನುಂಗಿದ ಮೇಲೆ ಉಳಿಯುವುದು ಎಷ್ಟು?

ಕಾನೂನಿನಲ್ಲೇ ಇಲ್ಲದ ಹುದ್ದೆ

‘ಸರ್ಕಾರ ಸಂಗೀತ ಶಿಕ್ಷಕರನ್ನು ಕೊಡಬೇಕು’ ಎಂಬ ಬೇಡಿಕೆ ನ್ಯಾಯವಾದದ್ದು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆರೆದು ನೋಡಿದರೆ ಅಡ್ಡಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಕಲೆ, ಆರೋಗ್ಯ ಮತ್ತು ಶಾರೀರಿಕ ಶಿಕ್ಷಣ, ಕಾರ್ಯಾನುಭವಗಳಿಗೆ ಅರೆಕಾಲಿಕ ಶಿಕ್ಷಕರು ಇರಬೇಕೆಂದು ಅದು ಹೇಳುವುದು 6ರಿಂದ 8ನೇ ತರಗತಿಗೆ, ಅದೂ ಮಕ್ಕಳ ಸಂಖ್ಯೆ 100 ದಾಟಿದಲ್ಲಿ. 1ರಿಂದ 5ನೇ ತರಗತಿಗೆ ಅದು ಕೊಡುವುದು ಬರೀ ತಲೆ ಲೆಕ್ಕ: 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಈ ಇಬ್ಬರು ಮೂವರಲ್ಲಿ ಒಬ್ಬರು ಹಾಡುವವರಾಗಿರಬೇಕೆಂದು ಎಲ್ಲೂ ಬರೆದಿಲ್ಲ.

ಕನ್ನಡ ಶಾಲೆಗಳಲ್ಲಿ ದಾಖಲಾತಿ ಇಳಿಯುತ್ತಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ದಾಖಲಾತಿ ಇಳಿದಂತೆ ಶಿಕ್ಷಕರ ಹುದ್ದೆ ಇಳಿಯುತ್ತದೆ, ಹುದ್ದೆ ಇಳಿದಂತೆ ಎರಡು ತರಗತಿಯನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಅಂಥ ಶಾಲೆಗೆ ಪೂರ್ಣಾವಧಿ ಸಂಗೀತ ಶಿಕ್ಷಕರು ಬರುತ್ತಾರೆಂದು ಕಾಯುವುದು ವ್ಯರ್ಥ. 6ರಿಂದ 8ನೇ ತರಗತಿಗೆ ನೇಮಕವಾದ ‘ಅಂಶಕಾಲೀನ ನಿದೇಶಕ’ರೇ (ಅರೆಕಾಲಿಕ ಶಿಕ್ಷಕರೇ) ಗೌರವಧನ ಮತ್ತು ಮುಂದುವರಿಕೆಗಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು.

ಹುದ್ದೆಯೊಂದು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಗೋವಾವೇ ಉದಾಹರಣೆ. ಪೋರ್ಚುಗೀಸರ ಕಾಲದ ಇಗರ್ಜಿ ಶಾಲೆಗಳಲ್ಲಿ ಸಂಬಳ ಪಡೆಯುವ ‘ಮೆಸ್ತ್ರಿ’ ಒಬ್ಬರಿರುತ್ತಿದ್ದರು. ಊರಿನ ಮಕ್ಕಳಿಗೆ ಸ್ವರಲಿಪಿ ಓದುವುದು, ವಯಲಿನ್ ಹಿಡಿಯುವುದು ಕಲಿಸುವುದೇ ಅವರ ಕೆಲಸ. ಮುಂಬೈಯ ಹಿಂದಿ ಸಿನಿಮಾ ಸ್ಟುಡಿಯೋಗಳು 1940, 50ರ ದಶಕಗಳಲ್ಲಿ ವಾದ್ಯವೃಂದ ಕಟ್ಟಿದಾಗ ಲಿಪಿ ನೋಡಿ ನುಡಿಸಬಲ್ಲ ಗೋವಾದ ಸಂಗೀತಗಾರರು ಅಷ್ಟು ಸಂಖ್ಯೆಯಲ್ಲಿ ಸಿಕ್ಕಿದ್ದು ಇದರಿಂದಲೇ. ಗೋವಾದವರ ರಕ್ತದಲ್ಲೇ ಸಂಗೀತವಿದೆ ಎನ್ನುವವರು ಆ ಮೆಸ್ತ್ರಿಯ ಸಂಬಳವನ್ನು ಮರೆಯುತ್ತಾರೆ.

ಮೂರು ವಾದಗಳು

ಸಂಗೀತ ವಿದ್ಯಾಲಯಗಳ ಕಡೆಯವರ ವಾದ ಸರಳ: ಸಂಗೀತವನ್ನು ಬಲ್ಲವರೇ ಕಲಿಸಲಿ, ಪಠ್ಯಕ್ರಮವಿರಲಿ, ಪರೀಕ್ಷೆಯಿರಲಿ. ಈ ನೆಲದಲ್ಲಿ ಆ ವಾದಕ್ಕೆ ಬೇರು ಆಳವಾಗಿದೆ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ತೆರೆದ ಗಾಂಧರ್ವ ಮಹಾವಿದ್ಯಾಲಯ 1908ಕ್ಕೆ ಮುಂಬೈಗೆ ಬಂತು. ಅವರ ಶಿಷ್ಯರು 1931ರಲ್ಲಿ ಕಟ್ಟಿದ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಪರೀಕ್ಷೆಗಳ ಏಣಿಯನ್ನು ಇಲ್ಲಿನ ಲಕ್ಷಾಂತರ ಮನೆಗಳು ಹತ್ತಿವೆ. ಶಾಸ್ತ್ರೀಯ ಕಲೆಯ ಪರೀಕ್ಷೆ ಪಾಸಾದವರಿಗೆ ಮಹಾರಾಷ್ಟ್ರದ ಹತ್ತನೇ ತರಗತಿಯಲ್ಲಿ ಹೆಚ್ಚುವರಿ ಅಂಕವೂ ಇರುವುದರಿಂದ ಪಾಲಕರಿಗೆ ಈ ದಾರಿ ಚಂದ ಕಾಣುತ್ತದೆ. ಆದರೆ ಆ ಏಣಿ ಒಬ್ಬೊಬ್ಬ ಮಗುವನ್ನು ಎದುರಿಗೆ ಕೂರಿಸಿ ಕಲಿಸುವುದಕ್ಕೆಂದು ಮಾಡಿದ್ದು. 35 ಮಕ್ಕಳ ತರಗತಿಗೆ ಅದನ್ನೇ ತಂದರೆ ನಾಲ್ಕು ಮಕ್ಕಳು ಹತ್ತುತ್ತಾರೆ, ಉಳಿದವರು ‘ನನಗೆ ಸಂಗೀತ ಬರುವುದಿಲ್ಲ’ ಎಂಬ ತೀರ್ಮಾನವನ್ನು ಏಳನೇ ವಯಸ್ಸಿಗೇ ಮಾಡಿಕೊಳ್ಳುತ್ತಾರೆ.

ಎರಡನೆಯದು ಆಟದ ವಾದ. ಪ್ರಾಥಮಿಕದಲ್ಲಿ ರಾಗದ ಹೆಸರು ಬೇಡ, ಹಾಡಿ ಕುಣಿದರೆ ಸಾಕು ಎನ್ನುತ್ತದೆ. ಅರ್ಧ ಸರಿ. ಏನನ್ನೂ ಕ್ರಮವಾಗಿ ಕಲಿಸದೆ ಮೂರು ವರ್ಷ ಹಾಡಿಸಿದರೆ ಮಕ್ಕಳು ನಾಲ್ಕನೇ ತರಗತಿಯಲ್ಲೂ ಒಂದನೇ ತರಗತಿಯ ಹಾಗೆಯೇ ಕೂಗುತ್ತಿರುತ್ತಾರೆ.

ಇನ್ನು ಸಂಗೀತ ಕಲಿತರೆ ಗಣಿತ ಚುರುಕಾಗುತ್ತದೆ ಎಂಬ ಮಾತು. ಇದನ್ನು ಶಾಲಾ ಜಾಹೀರಾತುಗಳು ಬಿಡುವುದೇ ಇಲ್ಲ. ‘ಮೊಜಾರ್ಟ್ ಪರಿಣಾಮ’ ಎಂದು ಹೆಸರಾದ 1993ರ ಅಧ್ಯಯನ ನಡೆದದ್ದು 36 ಕಾಲೇಜು ವಿದ್ಯಾರ್ಥಿಗಳ ಮೇಲೆ. ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ಕತ್ತರಿಸುವಂಥ ಒಂದು ಬಗೆಯ ಲೆಕ್ಕದಲ್ಲಿ ಅವರಿಗೆ ಕೊಂಚ ಅನುಕೂಲ ಕಂಡಿತು. ಅದೂ 10–15 ನಿಮಿಷದ ಮಟ್ಟಿಗೆ. ಅವರು ಸಂಗೀತ ಕಲಿಯಲೂ ಇಲ್ಲ, ಬರೀ ಕೇಳಿದರು. ಗಣಿತದ ಆಸೆ ತೋರಿಸಿ ಸಂಗೀತದ ಅವಧಿ ಗಿಟ್ಟಿಸಿಕೊಂಡರೆ, ಗಣಿತದ ಅಂಕ ಏರದಿದ್ದಾಗ ಅದೇ ಅವಧಿ ಕೈತಪ್ಪುತ್ತದೆ.

ಹಿಂದೂಸ್ತಾನಿಯೋ ಕರ್ನಾಟಕಿಯೋ

ಮುಂಬೈ ಕನ್ನಡಿಗರ ನಡುವೆ ಈ ಜಗಳ ತಪ್ಪಿದ್ದಲ್ಲ. ಧಾರವಾಡ, ಗದಗಿನ ಕಡೆಯ ಮನೆಗಳಿಗೆ ಹಿಂದೂಸ್ತಾನಿಯೇ ಸಂಗೀತ. ಮೈಸೂರು ಕಡೆಯವರಿಗೆ ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದಲೇ (ಮೊದಲ ಸ್ವರಾಭ್ಯಾಸದಿಂದಲೇ) ಆರಂಭವಾಗಬೇಕು. ಸಂಖ್ಯೆಯಲ್ಲಿ ಹೆಚ್ಚಿರುವ ಕರಾವಳಿಯವರ ಮಕ್ಕಳ ಕಿವಿಯಲ್ಲಿರುವುದು ಭಜನಾ ಮಂಡಳಿಯ ತಾಳ, ಯಕ್ಷಗಾನದ ಚೆಂಡೆ.

ಆರು ಏಳು ವರ್ಷದ ಮಕ್ಕಳ ಮಟ್ಟಿಗೆ ಈ ಜಗಳಕ್ಕೆ ಅರ್ಥವಿಲ್ಲ. ಸ ರಿ ಗ ಪ ಧ, ಈ ಐದು ಸ್ವರ ಹಿಂದೂಸ್ತಾನಿಯಲ್ಲಿ ಭೂಪ್ ರಾಗ, ಕರ್ನಾಟಕಿಯಲ್ಲಿ ಮೋಹನ. ಸ ರಿ ಮ ಪ ಧ ಅಲ್ಲಿ ದುರ್ಗಾ, ಇಲ್ಲಿ ಶುದ್ಧ ಸಾವೇರಿ. ಗಮಕ, ನಡೆ ಬೇರೆ ಬೇರೆ; ಮಗುವಿಗೆ ಮೊದಲು ಬೇಕಾದ ಸ್ವರಸ್ಥಾನ ಒಂದೇ. ಈ ಎರಡೂ ಗುಂಪಿನಲ್ಲಿ ಪಕ್ಕಪಕ್ಕದ ಸ್ವರಗಳ ನಡುವೆ ಅರ್ಧ ಸ್ವರದ ಕಿರಿದಾದ ಅಂತರ ಇಲ್ಲ. ಮಾಯಾಮಾಳವಗೌಳದಲ್ಲಿ ಷಡ್ಜಕ್ಕೆ, ಅಂದರೆ ‘ಸ’ಕ್ಕೆ, ಅಂಟಿಕೊಂಡೇ ರಿಷಭವಿದೆ, ಅಂದರೆ ‘ರಿ’. ಗುರುವಿನ ಎದುರು ಒಂಟಿಯಾಗಿ ಕೂತ ಮಗು ಅದನ್ನು ಹಿಡಿದೀತು, ಗುಂಪಿನಲ್ಲಿ ಅದು ಮಸುಕಾಗಿ ಷಡ್ಜದೊಳಗೇ ಕರಗುತ್ತದೆ.

ಸಾಹಿತ್ಯದ ಪ್ರಶ್ನೆ ಇನ್ನೂ ನಾಜೂಕು. ದಾಸರ ಪದ, ವಚನ ಹಾಡಿಸಬಹುದೇ? ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನವಿರುವ ಬೇರೆ ಶಾಲೆಗಳಲ್ಲಿ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಪೂಜೆಗೆ, ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಭಕ್ತಿ ಸಾಹಿತ್ಯವನ್ನು ಸಾಹಿತ್ಯವಾಗಿ, ಹಾಡಾಗಿ ಕಲಿಸುವುದು ಬೇರೆ. ಅದನ್ನೇ ಪೂಜೆಯಾಗಿ ಮಾಡಿಸುವುದು ಬೇರೆ. ಸುಗ್ಗಿಯ ಹಾಡು, ಮಳೆಯ ಹಾಡು, ಎಣಿಕೆಯ ಹಾಡು ಇರುವಾಗ ತಕರಾರಿನ ಹಾಡಿನಿಂದಲೇ ವರ್ಷ ಶುರುಮಾಡಬೇಕೆಂದೇನೂ ಇಲ್ಲ.

ಕೆಡುವುದು ಶ್ರುತಿಯಲ್ಲಿ

ನೀತಿಯ ಮಾತು ಒತ್ತಟ್ಟಿಗಿರಲಿ, ತರಗತಿಯೊಳಗೆ ಸಂಗೀತ ಕೆಡುವ ಜಾಗ ಬಹುಪಾಲು ಒಂದೇ: ಶಿಕ್ಷಕರು ತಮ್ಮ ಗಂಟಲಿಗೆ ಹೊಂದುವ ಶ್ರುತಿಯಲ್ಲಿ ಹಾಡುತ್ತಾರೆ, ಮಕ್ಕಳ ಗಂಟಲಿಗಲ್ಲ.

ಆರರಿಂದ ಎಂಟು ವರ್ಷದ ಮಕ್ಕಳಿಗೆ ಆಯಾಸವಿಲ್ಲದೆ ಹಾಡಲು ಬರುವುದು ಹೆಚ್ಚುಕಡಿಮೆ 294ರಿಂದ 440 ಹರ್ಟ್ಜ್ ನಡುವೆ. ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ನಡುವಿನ ಸಪ್ತಕದ ಬಿಳಿ 2ರಿಂದ (ಎರಡನೇ ಬಿಳಿ ಮನೆಯಿಂದ) ಬಿಳಿ 6ರವರೆಗೆ. ಬಿಳಿ 2ನ್ನು, ಅಂದರೆ ಕರ್ನಾಟಕಿಯವರ ಎರಡು ಕಟ್ಟೆಯನ್ನು, ಷಡ್ಜ ಮಾಡಿಕೊಂಡರೆ ಸ–ಪ ನಡುವಿನದೆಲ್ಲ ಸರಿಯಾಗಿ ಈ ಜಾಗದಲ್ಲೇ ಬೀಳುತ್ತದೆ. ಒಂದನೇ, ಎರಡನೇ ತರಗತಿಗೆ ಅಷ್ಟು ಸಾಕು.

ಹೆಣ್ಣು ಧ್ವನಿಯ ಶಿಕ್ಷಕಿ ರೂಢಿಯಂತೆ ಕರಿ 4ರಲ್ಲಿ ಹಾಡಿದರೆ ಷಡ್ಜ ಸುಮಾರು 208 ಹರ್ಟ್ಜ್‌ಗೆ ಇಳಿಯುತ್ತದೆ. ಪುಟ್ಟ ಮಕ್ಕಳಿಗೆ ಅಲ್ಲಿ ಸ್ವರವೇ ಇಲ್ಲ. ಅವರು ಹಾಡುವುದು ಬಿಟ್ಟು ಮಾತಿನ ಧ್ವನಿಗೆ ಜಾರುತ್ತಾರೆ. ಹಾಡು ತಾರಸ್ಥಾಯಿಗೆ ಹೋದಾಗ ಅದೇ ಮಾತಿನ ಧ್ವನಿಯನ್ನು ಎಳೆದು ಕಿರುಚುತ್ತಾರೆ. ‘ಜೋರಾಗಿ ಹೇಳಿ’ ಎಂಬ ಅಪ್ಪಣೆಯೂ ಸೇರಿತೆಂದರೆ ವಾರದೊಳಗೆ ಗಂಟಲು ಕಟ್ಟುತ್ತದೆ. ಬೆಳಗಿನ ಪರಿಪಾಠದಲ್ಲಿ (ಪ್ರಾರ್ಥನೆಯ ಹೊತ್ತಿನಲ್ಲಿ) ದೊಡ್ಡವರು ಹಾಡಿದ ರೆಕಾರ್ಡನ್ನು ಸ್ಪೀಕರಿನಲ್ಲಿ ಹಾಕಿ ಜೊತೆಗೆ ಹಾಡಿಸುವ ಶಾಲೆಗಳಲ್ಲಿ ಆಗುವುದೂ ಇದೇ.

ಗಂಡು ಧ್ವನಿಯ ತೊಂದರೆ ಬೇರೆ. ಮೇಷ್ಟ್ರು ಹಾಡುವುದು ಮಕ್ಕಳಿಗಿಂತ ಒಂದು ಸಪ್ತಕ ಕೆಳಗೆ. ಕೆಲವು ಮಕ್ಕಳು ಆ ಕೆಳಗಿನ ಸ್ವರವನ್ನೇ ಹುಡುಕುತ್ತಾ ಗುರ್ ಎನ್ನುತ್ತವೆ. ಪರಿಹಾರ ಸುಲಭ: ಸ್ವರ ಹಿಡಿದಿರುವ ಒಂದು ಮಗುವಿನಿಂದ ಮೊದಲ ಸ್ವರ ಹಾಡಿಸಿ, ಉಳಿದವರು ಅದನ್ನು ಹಿಡಿಯಲಿ.

ಒಂದೇ ಸ್ವರದಲ್ಲಿ ಗುನುಗುವ ಮಗು ಪ್ರತಿ ತರಗತಿಯಲ್ಲೂ ಸಿಗುತ್ತದೆ. ಬಾಯಿ ಮಾತ್ರ ಆಡಿಸು ಎಂದು ಹೇಳುವುದು ಶಿಕ್ಷಕರು ಮಾಡಬಹುದಾದ ಅತಿ ಕೆಟ್ಟ ಕೆಲಸ. ಮಗು ಯಾವ ಸ್ವರದಲ್ಲಿದೆಯೋ ಶಿಕ್ಷಕರೇ ಅಲ್ಲಿಗೆ ಹೋಗಿ ಸೇರಿಕೊಳ್ಳಬೇಕು. ಎರಡು ಧ್ವನಿ ಒಂದಾಗುವುದು ಹೇಗಿರುತ್ತದೆ ಎಂದು ಮಗುವಿಗೆ ಮೊದಲ ಸಲ ತಿಳಿಯುವುದು ಆಗಲೇ. ಆಮೇಲೆ ಆಂಬುಲೆನ್ಸ್ ಸೈರನ್ನಿನಂತೆ ‘ಊ…’ ಎಂದು ಮೇಲಕ್ಕೆ ಜಾರುವ ಆಟ. ಬಹುತೇಕ ಮಕ್ಕಳು ಕೆಲವು ತಿಂಗಳಲ್ಲಿ ದಾರಿಗೆ ಬರುತ್ತವೆ; ಕೊರತೆಯಿದ್ದದ್ದು ಕಿವಿಯಲ್ಲಲ್ಲ, ಧ್ವನಿಯನ್ನು ಎತ್ತುವ ಅಭ್ಯಾಸದಲ್ಲಿ.

ದಿನಕ್ಕೆ ಹತ್ತು ನಿಮಿಷ

ವಾರಕ್ಕೊಂದು 35 ನಿಮಿಷದ ಅವಧಿ, ವರ್ಷಕ್ಕೆ 36 ವಾರ ಎಂದುಕೊಂಡರೆ 21 ಗಂಟೆ. ಸಾಲು ಕಟ್ಟಿ ಬರುವುದು, ಕೂರುವುದು, ಹೋದ ವಾರದ್ದನ್ನು ನೆನಪಿಸಿಕೊಳ್ಳುವುದಕ್ಕೆ ಹತ್ತು ನಿಮಿಷ ತೆಗೆದರೆ 15 ಗಂಟೆ. ಅದರ ಬದಲು ತರಗತಿಯ ಶಿಕ್ಷಕರೇ ದಿನಕ್ಕೆ ಹತ್ತು ನಿಮಿಷ ಕೊಟ್ಟರೆ, ಕಾಯ್ದೆ ಹೇಳುವ 200 ದಿನಗಳಲ್ಲಿ 33 ಗಂಟೆ. ಹೊತ್ತು ದುಪ್ಪಟ್ಟಿಗಿಂತ ಹೆಚ್ಚು. ಸ್ವರ ನಿಲ್ಲುವುದು ದಿನಬಳಕೆಯಿಂದ. ಆರು ದಿನ ಬಿಟ್ಟರೆ ಪುಟ್ಟ ಮಕ್ಕಳು ಮೊದಲಿಗೇ ಮರಳುತ್ತಾರೆ.

ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕು? ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ ಬಿಳಿ 2ಕ್ಕೆ ಇಡಿ. ಸದ್ದು ಕಡಿಮೆಯಿರಲಿ, ಕೇಳಿಸಿಕೊಳ್ಳಲು ಮಕ್ಕಳು ಸುಮ್ಮನಾಗಬೇಕು. ತುಟಿ ಮುಚ್ಚಿ ಮೂರು ಉಸಿರು ‘ಮ್…’. ಆಮೇಲೆ ಮೂರು ನಿಮಿಷ ಪ್ರತಿಧ್ವನಿ: ಶಿಕ್ಷಕರು ಸ ರಿ ಗ ಒಳಗೆ ನಾಲ್ಕು ಎಣಿಕೆಯ ತುಣುಕು ಹಾಡುವುದು, ಮಕ್ಕಳು ತಿರುಗಿ ಹಾಡುವುದು. ಮಕ್ಕಳ ಸರದಿಯಲ್ಲಿ ಶಿಕ್ಷಕರ ಬಾಯಿ ಮುಚ್ಚಿರಲೇಬೇಕು. ಜೊತೆಗೆ ಹಾಡಿದರೆ ತಮ್ಮ ಧ್ವನಿ ಬಿಟ್ಟು ಬೇರೇನೂ ಕೇಳಿಸುವುದಿಲ್ಲ, ಮಕ್ಕಳೂ ಹಿಂದೆ ತೇಲಿಕೊಂಡು ಬರುತ್ತಾರೆ, ತಪ್ಪು ಯಾರದ್ದೆಂದು ತಿಳಿಯುವುದೇ ಇಲ್ಲ. ಮುಂದಿನ ನಾಲ್ಕು ನಿಮಿಷ ಒಂದು ಹಾಡು. ಮೊದಲು ಇಡಿಯಾಗಿ ಒಮ್ಮೆ, ಆಮೇಲೆ ಸಾಲುಸಾಲಾಗಿ.

ಕೊನೆಯ ಎರಡು ನಿಮಿಷ ಲಯಕ್ಕೆ. ಇದಕ್ಕೆ ಪುಸ್ತಕ ಹುಡುಕಬೇಕಿಲ್ಲ. ‘ಅವಲಕ್ಕಿ, ಪವಲಕ್ಕಿ, ಕಾಂಚನ, ಮಿಣಮಿಣ, ಡಾಂ ಡೂಂ, ಡಸ್ ಪುಸ್, ಕೊಯ್, ಕೊಟಾರ್’ ಎಂಬ ಎಣಿಕೆಯ ಆಟವನ್ನು ಪದಕ್ಕೊಂದು ತಟ್ಟಿನಂತೆ ಹೇಳಿ ನೋಡಿ: ಎಂಟು ತಟ್ಟು. ಹಿಂದೂಸ್ತಾನಿಯ ಕೆಹರ್ವಾ ತಾಳದ ಎಂಟು ಮಾತ್ರೆಯೂ ಅಷ್ಟೇ, ಕರ್ನಾಟಕಿಯ ಆದಿತಾಳದ ಎಂಟು ಅಕ್ಷರವೂ ಅಷ್ಟೇ. ‘ಅವಲಕ್ಕಿ’ಯಲ್ಲಿ ಒಂದು ತಟ್ಟಿನೊಳಗೆ ನಾಲ್ಕು ಅಕ್ಷರ, ‘ಡಾಂ ಡೂಂ’ನಲ್ಲಿ ಎರಡು, ‘ಕೊಯ್’ನಲ್ಲಿ ಒಂದೇ. ಒಂದು ಮಾತ್ರೆಯನ್ನು ನಾಲ್ಕಾಗಿ, ಎರಡಾಗಿ ಒಡೆಯುವ ಪಾಠವನ್ನು ಮಗು ಹೆಸರು ತಿಳಿಯದೆಯೇ ಕಲಿತಾಗಿರುತ್ತದೆ. ಆದರೆ ಅಂಗೈಗೆ ಅಂಗೈ ಬಡಿದು ತಟ್ಟಿಸಿದರೆ ಮೂರನೇ ಸುತ್ತಿಗೆ ಲಯದ ಓಟ ಶುರು. ಎರಡು ಬೆರಳಲ್ಲಿ ತಟ್ಟಿಸಿ, ಮೆಲುದನಿಯಲ್ಲಿ ಹೇಳಿಸಿ. ಲಯ ತಾನಾಗಿ ನಿಲ್ಲುತ್ತದೆ.

ಹಾರ್ಮೋನಿಯಂ ಇಲ್ಲವಲ್ಲ ಎಂದು ಕೊರಗಬೇಕಾಗಿಲ್ಲ. ನುಡಿಸುತ್ತ ಕಲಿಸುವವರ ಕಣ್ಣು ಮನೆಗಳ ಮೇಲೆ, ಒಂದು ಕೈ ತಿದಿಯ ಮೇಲೆ; ಮಕ್ಕಳನ್ನು ನೋಡುವವರಾರು? ಅದೂ ಅಲ್ಲದೆ ಶಾಲೆ ತೆರೆಯುವುದು ಜೂನ್ ಮಧ್ಯದಲ್ಲಿ, ಮುಂಬೈಯ ಮಳೆಯ ಜೊತೆಗೆ. ತೇವಕ್ಕೆ ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ, ತಬಲಾದ ಚರ್ಮ ಸಡಿಲವಾಗುತ್ತದೆ. ಆದರೂ ಅನುದಾನ ಬಂದರೆ ಮೊದಲು ಕೊಳ್ಳುವುದು ವಾದ್ಯವನ್ನೇ. ವಾದ್ಯಕ್ಕೆ ಬಿಲ್ಲು ಸಿಗುತ್ತದೆ, ಶಿಕ್ಷಕರ ಕಿವಿ ತಿದ್ದಿದ್ದಕ್ಕೆ ಸಿಗುವುದಿಲ್ಲ.

ಮುಂದೆ ಏನಾಗಬಹುದು

ಏನೂ ಬದಲಾಗದಿದ್ದರೆ ನಡೆಯುವುದು ಹೀಗೆ: ಪುಸ್ತಕ ಬರುತ್ತದೆ, ಕ್ಯೂಆರ್ ಕೋಡ್ ಇರುತ್ತದೆ, ಶಿಕ್ಷಕರು ವಿಡಿಯೋ ಹಾಕುತ್ತಾರೆ, ಮಕ್ಕಳು ನೋಡುತ್ತಾರೆ. ಮೌಲ್ಯಮಾಪನದ ಪಟ್ಟಿಯಲ್ಲಿ ಎಲ್ಲರಿಗೂ ‘ಅ’ ಶ್ರೇಣಿ. ಸಂಗೀತ ಕಲಿಸಿದ್ದಾಯಿತೆಂದು ಕಾಗದ ಹೇಳುತ್ತದೆ.

ಬೇರೆ ದಾರಿಗೆ ಬೇಕಾದ ಎರಡು ಬಾಗಿಲು ನೀತಿಯಲ್ಲೇ ಇವೆ. ಹತ್ತಿರದ ಶಾಲೆಗಳನ್ನು ಸಂಕುಲವಾಗಿ ಸೇರಿಸಿ ಕಲೆ, ಸಂಗೀತ, ಕ್ರೀಡೆಯ ಶಿಕ್ಷಕರನ್ನು ಹಂಚಿಕೊಳ್ಳಬಹುದು ಎನ್ನುತ್ತದೆ ಒಂದು. ಸ್ಥಳೀಯ ಕಲಾವಿದರನ್ನು ಬೋಧಕರಾಗಿ ಕರೆಸಬಹುದು ಎನ್ನುತ್ತದೆ ಇನ್ನೊಂದು. ಸಂಗೀತ ಬಲ್ಲ ಒಬ್ಬರು ಹದಿನೈದು ದಿನಕ್ಕೊಮ್ಮೆ ಬಂದು ಹೊಸ ಹಾಡು ಕಲಿಸಿ, ತರಗತಿಯ ಶಿಕ್ಷಕರ ಶ್ರುತಿ ತಿದ್ದಿ ಹೋದರೆ, ನಡುವಿನ ದಿನಗಳ ಹತ್ತು ನಿಮಿಷವನ್ನು ಶಿಕ್ಷಕರೇ ನಡೆಸಬಲ್ಲರು. ಮುಂಬೈಯಲ್ಲಿ ಕನ್ನಡ ಸಂಘಗಳಿಗೂ ಭಜನಾ ಮಂಡಳಿಗಳಿಗೂ ಬರವಿಲ್ಲ, ಹಾಡುವವರು ಸಿಗುತ್ತಾರೆ. ಆದರೆ ರಾತ್ರಿಯಿಡೀ ಭಜನೆ ನಡೆಸಬಲ್ಲವರಿಗೆ ಆರು ವರ್ಷದ ಗಂಟಲಿನ ಅಳತೆ ಗೊತ್ತಿರಬೇಕೆಂದಿಲ್ಲ, ಎರಡು ದಿನದ ತರಬೇತಿಯಾದರೂ ಬೇಕು. ಪೊಲೀಸ್ ಪರಿಶೀಲನೆಯನ್ನು ಶಾಲೆ ಮಾಡಿಸಲೇಬೇಕು. ಹೋಗಿಬರುವ ಖರ್ಚು, ಗೌರವಧನ ಯಾರು ಕೊಡುತ್ತಾರೆಂಬುದು ಮೊದಲೇ ಬರವಣಿಗೆಯಲ್ಲಿರಬೇಕು. ಸೇವಾಭಾವದಿಂದ ಶುರುವಾದದ್ದು ಗಣಪತಿ ಹಬ್ಬದ ಕಾರ್ಯಕ್ರಮಗಳ ಸಮಯಕ್ಕೆ ನಿಂತುಹೋಗುತ್ತದೆ.

ತರಬೇತಿಯ ಭಾಷೆಯ ಮೇಲೂ ಕಣ್ಣಿಡಬೇಕು. ಪುಣೆಯ ಬಾಲಭಾರತಿ 1967ರಿಂದ ಪಠ್ಯಪುಸ್ತಕ ತರುತ್ತಿದೆ, ಕನ್ನಡದಲ್ಲೂ ತರುತ್ತದೆ. ಗಣಿತದ ಪುಸ್ತಕವನ್ನು ಮರಾಠಿಯಿಂದ ಕನ್ನಡಕ್ಕೆ ತಂದರೆ ಗಣಿತ ಕೆಡುವುದಿಲ್ಲ. ಹಾಡನ್ನು ಹಾಗೆ ತಂದರೆ ದೀರ್ಘ ಬೀಳುವಲ್ಲಿ ಹ್ರಸ್ವ ಬಿದ್ದು, ತಟ್ಟು ಪದದ ನಡುವೆ ಕೂತು, ಮಕ್ಕಳ ನಾಲಿಗೆ ಎಡವುತ್ತದೆ. ಕನ್ನಡ ಆವೃತ್ತಿಗೆ ಅನುವಾದಕರ ಬದಲು ಕನ್ನಡದ ಹಾಡುಗಳನ್ನೇ ಆರಿಸಿ ಕೊಡುವವರು ಬೇಕು, ಮತ್ತು ಆ ಮಾತನ್ನು ಪುಸ್ತಕ ಅಚ್ಚಿಗೆ ಹೋಗುವ ಮೊದಲು ಹೇಳಬೇಕು.

ಕನ್ನಡ ಶಾಲೆಗಳ ದೊಡ್ಡ ಕೊರತೆಯೊಂದು ಸಂಗೀತದ ಮಟ್ಟಿಗೆ ಕೊರತೆಯೇ ಅಲ್ಲ. ಒಂದರಿಂದ ನಾಲ್ಕನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂತರೆ ಗಣಿತ ಕಲಿಸುವುದು ಕಷ್ಟ. ಹಾಡು ಕಲಿಸುವುದು ಸುಲಭ. ನಾಲ್ಕನೆಯವರು ಸ್ವರ ಹಿಡಿದು ಮುಂದೆ ಹೋಗುತ್ತಾರೆ, ಒಂದನೆಯವರು ಅವರ ಧ್ವನಿಗೆ ಜೋತುಬೀಳುತ್ತಾರೆ, ಅದೂ ತಮ್ಮದೇ ಸಪ್ತಕದ ಧ್ವನಿಗೆ. ಕೂರಿಸುವಾಗ ಹಾಡಬಲ್ಲ ದೊಡ್ಡ ಮಕ್ಕಳನ್ನು ಹಿಂದಿನ ಸಾಲಿಗೆ ಹಾಕಿ, ಪುಟ್ಟವರ ಬೆನ್ನಿಗೆ ಸ್ವರ ಬೀಳುವಂತೆ.